ಸೋಲಿನಲ್ಲಿ ಗುರುವಿನ ಪಾಲು



ದತ್ತಿ ಉಪನ್ಯಾಸಗಳಲ್ಲಿ ಸಾಮಾನ್ಯವಾಗಿ ಶರಣರನ್ನು, ದಾಸರನ್ನು, ಕವಿಗಳನ್ನು ಕುರಿತು ಮಾತಾಡುವುದು ರೂಢಿ. ಕ್ರೀಡೆಯ ಮೇಲೆ ಮಾತಾಡಲು ನೀವು ಅವಕಾಶ ಕೊಟ್ಟಿದ್ದೀರಿ. ಆ ಅವಕಾಶವನ್ನು ನಾನು ಒಂದೇ ಪ್ರಶ್ನೆಗೆ ಮೀಸಲಿಡುತ್ತೇನೆ. ಆಟಗಾರ ಅಂಗಳದಲ್ಲಿ ತಪ್ಪಿದಾಗ, ಆ ತಪ್ಪಿನಲ್ಲಿ ಅವನನ್ನು ತಯಾರು ಮಾಡಿದವರ ಪಾಲು ಎಷ್ಟು?

ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಆದರೆ ನಮ್ಮ ಭಾಗದ ಎಷ್ಟೋ ಮಕ್ಕಳು ಆಟ ಬಿಡುವುದು ಸೋತದ್ದರಿಂದಲ್ಲ; ಸೋತ ದಿನ ಕೇಳಿಸಿಕೊಂಡ ಮಾತಿನಿಂದ. ಆದ್ದರಿಂದ ಇದನ್ನು ನಿಧಾನವಾಗಿ ಬಿಡಿಸಿ ನೋಡುವುದು ಅಗತ್ಯ ಎಂದು ನನಗೆ ಅನಿಸಿದೆ.

1. ಯೋಜನೆ ಸರಿ, ಆಟ ತಪ್ಪು ಎಂಬ ಮಾತು

ಕ್ರಿಕೆಟ್ ಪಂದ್ಯ ಮುಗಿದ ಮೇಲೆ ಟಿ.ವಿ.ಯಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ನಮ್ಮ ಪ್ಲಾನ್ ಸರಿಯಿತ್ತು, ಎಕ್ಸಿಕ್ಯೂಷನ್ ಸರಿಹೋಗಲಿಲ್ಲ. ಯಾರ್ಕರ್ ಹಾಕಬೇಕಿತ್ತು, ಚೆಂಡು ಫುಲ್‌ಟಾಸ್ ಆಯಿತು. ಈ ಮಾತು ಸುಳ್ಳಲ್ಲ. ಆದರೆ ಅದನ್ನು ಹೇಳುವವರು ಯಾರು ಎಂಬುದರ ಮೇಲೆ ಅದರ ತೂಕ ಬದಲಾಗುತ್ತದೆ. ಬೌಲರ್ ತಾನೇ ಹೇಳಿದರೆ ಅದು ಹೊಣೆ ಹೊರುವ ಮಾತು. ತರಬೇತುದಾರ ಹೇಳಿದರೆ ಹೊಣೆ ಇಳಿಸಿಕೊಳ್ಳುವ ಮಾತಾಗುವ ಅಪಾಯವಿದೆ.

ಈ ಪ್ರಶ್ನೆ ಅತ್ಯಂತ ಬಿಸಿಯಾಗಿ ಚರ್ಚೆಯಾಗುವುದು ಅಮೆರಿಕನ್ ಫುಟ್‌ಬಾಲ್‌ನಲ್ಲಿ. ಅದು ಕಾಲಿನಲ್ಲಿ ಆಡುವ ನಮ್ಮ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಯ ನೆಲದೊಳಗೆ ಗಜಗಜವಾಗಿ ನುಗ್ಗುವ ಆಟ. ಪ್ರತಿ ನುಗ್ಗಿಗೂ ಹನ್ನೊಂದು ಜನರಲ್ಲಿ ಯಾರು ಎಲ್ಲಿ ಓಡಬೇಕು, ಯಾರು ಯಾರನ್ನು ತಡೆಯಬೇಕು ಎಂಬ ನಕ್ಷೆ ಮೊದಲೇ ಸಿದ್ಧವಿರುತ್ತದೆ. ನಕ್ಷೆಯನ್ನು ಆರಿಸುವುದು ಬಹುಪಾಲು ಅಂಗಳದ ಹೊರಗೆ ನಿಂತ ತರಬೇತುದಾರರು. 1994ರಿಂದ ಅಲ್ಲಿನ ವೃತ್ತಿಪರ ಲೀಗ್‌ನಲ್ಲಿ ಮುಖ್ಯ ಆಟಗಾರನ ಹೆಲ್ಮೆಟ್‌ನೊಳಗೇ ರೇಡಿಯೊ ಇದೆ. ತರಬೇತುದಾರರ ಮಾತು ನೇರವಾಗಿ ಅವನ ಕಿವಿಗೆ ಬೀಳುತ್ತದೆ. ಇಷ್ಟು ಹಿಡಿತವಿರುವ ಆಟದಲ್ಲಿ ಸೋತಾಗ, ತಪ್ಪಿದ್ದು ನಕ್ಷೆಯೋ ಕಾಲೋ ಎಂಬ ಜಗಳ ಸಹಜ.

ಅಲ್ಲಿನ ಒಬ್ಬ ತರಬೇತುದಾರರ ಬದುಕು ಈ ಜಗಳಕ್ಕೆ ಒಳ್ಳೆಯ ಪಾಠ. ಜಾನ್ ಮೆಕೇ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ನಾಲ್ಕು ಸಲ ರಾಷ್ಟ್ರಪ್ರಶಸ್ತಿ ಗೆದ್ದುಕೊಟ್ಟವರು. 1976ರಲ್ಲಿ ಟ್ಯಾಂಪಾ ಬೇ ಎಂಬ ಹೊಸ ವೃತ್ತಿಪರ ತಂಡಕ್ಕೆ ಬಂದರು. ಆ ತಂಡ ಮೊದಲ 26 ಪಂದ್ಯಗಳನ್ನು ಒಂದೂ ಬಿಡದೆ ಸೋತಿತು. ಗುರು ಅದೇ ಗುರು, ತಿಳಿವಳಿಕೆ ಅದೇ ತಿಳಿವಳಿಕೆ. ಬೇರೆ ತಂಡಗಳು ಬಿಟ್ಟುಕೊಟ್ಟ ಆಟಗಾರರು, ಒಟ್ಟಿಗೆ ಆಡಿ ರೂಢಿಯಿಲ್ಲದವರು ಸೇರಿ ಆದ ತಂಡ ಅದು. ಅದೇ ತಂಡ 1979ರ ಋತುವಿನಲ್ಲಿ ಅದೇ ಮೆಕೇ ಕೈಯಲ್ಲಿ ಅಂತಿಮ ಹಣಾಹಣಿಗೆ ಒಂದೇ ಮೆಟ್ಟಿಲು ದೂರದವರೆಗೆ ಹೋಯಿತು. ಎಲ್ಲ ಸೋಲೂ ಗುರುವಿನದೇ ಎನ್ನುವವರಿಗೆ ಆ 26 ಸೋಲುಗಳು ಉತ್ತರ. ಕಳಪೆ ಆಟಗಾರರಿಂದ ಏನೂ ಆಗದು ಎನ್ನುವವರಿಗೆ 1979 ಉತ್ತರ. ನಡುವಿನ ವರ್ಷಗಳಲ್ಲಿ ಕಲಿಸುವ ಕೆಲಸವೂ ನಡೆದಿತ್ತು. ನನ್ನ ಮಾತೆಲ್ಲ ಆ ಕೆಲಸದ ಸುತ್ತಲೇ ಇರುತ್ತದೆ.

2. ಪ್ಯಾರಿಸ್‌ನಲ್ಲಿ ಎದ್ದ ಮಾತು

ಅಷ್ಟು ದೂರ ಹೋಗದೆಯೂ ಈ ಪ್ರಶ್ನೆ ನಮ್ಮ ರಾಜ್ಯದವರ ನಡುವೆಯೇ ಎದ್ದಿದೆ. 2024ರ ಪ್ಯಾರಿಸ್ ಒಲಿಂಪಿಕ್ಸ್ ನೆನಪಿಸಿಕೊಳ್ಳಿ. ಬ್ಯಾಡ್ಮಿಂಟನ್ ಆಟಗಾರ ಲಕ್ಷ್ಯ ಸೇನ್ ಹುಟ್ಟಿದ್ದು ಉತ್ತರಾಖಂಡದ ಅಲ್ಮೋರಾದಲ್ಲಿ. ಚಿಕ್ಕಂದಿನಲ್ಲೇ ಬೆಂಗಳೂರಿಗೆ ಬಂದು ಪ್ರಕಾಶ್ ಪಡುಕೋಣೆ ಅಕಾಡೆಮಿಯಲ್ಲಿ ಬೆಳೆದ ಹುಡುಗ. ಆಗಸ್ಟ್ 4ರ ಸೆಮಿಫೈನಲ್‌ನಲ್ಲಿ ಡೆನ್ಮಾರ್ಕ್‌ನ ವಿಕ್ಟರ್ ಆಕ್ಸೆಲ್ಸನ್ ಎದುರು ಮೊದಲ ಗೇಮ್‌ನಲ್ಲಿ 20-17 ಮುಂದಿದ್ದ. ಮೂರು ಗೇಮ್ ಪಾಯಿಂಟ್ ಕೈಯಲ್ಲಿದ್ದೂ 20-22ರಲ್ಲಿ ಬಿಟ್ಟುಕೊಟ್ಟ. ಎರಡನೆಯ ಗೇಮ್‌ನಲ್ಲಿ 7-0 ಮುಂದಿದ್ದು 14-21ರಲ್ಲಿ ಸೋತ. ಮರುದಿನ ಕಂಚಿನ ಪದಕದ ಪಂದ್ಯ, ಮಲೇಷ್ಯಾದ ಲೀ ಜೀ ಜಿಯಾ ಎದುರು. ಮೊದಲ ಗೇಮ್ 21-13ರಲ್ಲಿ ಗೆದ್ದ. ಎರಡನೆಯದರಲ್ಲಿ 8-3 ಮುಂದಿದ್ದ. ಅಲ್ಲಿಂದ ಆಟ ಜಾರಿತು, 16-21, 11-21. ಬಲಗೈ ಮೊಣಕೈಯಿಂದ ರಕ್ತ ಸುರಿಯುತ್ತಿತ್ತು. ಪದಕ ಬರಲಿಲ್ಲ.

ಪಂದ್ಯ ಮುಗಿದ ಮೇಲೆ, ಲಕ್ಷ್ಯನ ಗುರುವಾಗಿ ಅಲ್ಲಿದ್ದ ಪ್ರಕಾಶ್ ಪಡುಕೋಣೆ ಬೇಸರವನ್ನು ಮುಚ್ಚಿಡಲಿಲ್ಲ. ಸರ್ಕಾರ, ಫೆಡರೇಷನ್ ಮಾಡಬೇಕಾದ್ದನ್ನೆಲ್ಲ ಮಾಡಿವೆ. ಇನ್ನು ಆಟಗಾರರೇ ಹೊಣೆ ಹೊರಬೇಕು ಎಂಬುದು ಅವರ ಮಾತಿನ ಸಾರ. ಗಾಳಿಯ ಜೊತೆ ಆಡುವ ಬದಿಯಲ್ಲಿ ಲಕ್ಷ್ಯನಿಗೆ ಮೊದಲಿನಿಂದಲೂ ತೊಡಕಿದೆ ಎಂದೂ, ಮನಸ್ಸಿನ ತರಬೇತಿಗೆ ನಾವು ಇನ್ನೂ ಒತ್ತು ಕೊಡಬೇಕು ಎಂದೂ ಅವರು ಹೇಳಿದರು. ಇದಕ್ಕೆ ಎದುರು ನಿಂತವರು ಕೊಡಗು ಮೂಲದ ಅಶ್ವಿನಿ ಪೊನ್ನಪ್ಪ. 2011ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜ್ವಾಲಾ ಗುಟ್ಟಾ ಜೊತೆ ಕಂಚು ಗೆದ್ದವರು, ಪ್ಯಾರಿಸ್‌ನಲ್ಲಿ ತಾವೂ ಆಡಿ ಸೋತವರು. ಗೆದ್ದಾಗ ಕೀರ್ತಿಗೆ ಎಲ್ಲರೂ ಮುಂದೆ ಬರುತ್ತಾರೆ, ಸೋತರೆ ತಪ್ಪು ಆಟಗಾರನೊಬ್ಬನದೇ ಹೇಗಾಗುತ್ತದೆ, ಸಿದ್ಧತೆಯ ಕೊರತೆಗೆ ತರಬೇತುದಾರರನ್ನು ಯಾಕೆ ಕೇಳುವುದಿಲ್ಲ ಎಂದು ಅವರು ಬಹಿರಂಗವಾಗಿ ಬರೆದರು.

ಇಬ್ಬರ ಮಾತನ್ನೂ ನಾನು ಗೌರವದಿಂದ ಕೇಳಿದ್ದೇನೆ. ಪ್ರಕಾಶ್ ಅವರ ಮಾತಿನ ಹಿಂದೆ ಅವರ ಬದುಕಿದೆ. ಅವರು ಆಡಿ ಬೆಳೆದದ್ದು ಮಲ್ಲೇಶ್ವರದ ಕೆನರಾ ಯೂನಿಯನ್‌ನ ಮದುವೆ ಹಾಲ್‌ನಲ್ಲಿ. ಮದುವೆ ಇಲ್ಲದ ದಿನ ಆಟ. ಇಂದಿನಂಥ ಅಕಾಡೆಮಿಗಳಿಲ್ಲದ ಆ ಕಾಲದಿಂದ ಎದ್ದು 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು, 1983ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಕಂಚು ತಂದರು. ತನ್ನ ಆಟಕ್ಕೆ ತಾನೇ ಉತ್ತರ ಕೊಟ್ಟುಕೊಂಡ ಮನುಷ್ಯ, ಎಲ್ಲ ಸೌಲಭ್ಯ ಸಿಕ್ಕ ತಲೆಮಾರಿಗೆ ಆ ಮಾತು ಹೇಳುವ ಹಕ್ಕು ಗಳಿಸಿದ್ದಾರೆ. ಒಲಿಂಪಿಕ್ಸ್‌ವರೆಗೆ ಹೋದ ಆಟಗಾರ ತನ್ನ ಆಟದ ಯಜಮಾನ ತಾನೇ ಆಗಬೇಕು ಎಂಬುದು ನಿಜ.

ಆದರೆ ಒಂದು ಎಳೆಯನ್ನು ಹಿಡಿಯಿರಿ. ತೊಡಕು ಮೊದಲಿನಿಂದಲೂ ಇತ್ತು ಎಂದ ಮೇಲೆ ಪ್ರಶ್ನೆ ತಾನಾಗಿ ಹಿಂದಕ್ಕೆ ತಿರುಗುತ್ತದೆ. ಮುಂದಿದ್ದು ಸೋಲುವುದು ಒಂದು ದಿನ ನಡೆದರೆ ಆಟದ ಏರಿಳಿತ. ಎರಡು ದಿನ ಒಂದೇ ರೀತಿ ನಡೆದರೆ, ಅದು ಸಿದ್ಧತೆಯಲ್ಲಿ ಉಳಿದುಹೋದ ಪಾಠ. ಆ ಪಾಠ ಉಳಿದದ್ದು ಯಾಕೆ ಎಂದು ಆಟಗಾರ, ತರಬೇತುದಾರ ಇಬ್ಬರೂ ಒಟ್ಟಿಗೆ ಕುಳಿತು ಕೇಳಿಕೊಳ್ಳಬೇಕು. ಇಲ್ಲಿ ಅಶ್ವಿನಿ ಅವರ ಮಾತು ಸರಿ. ಎದುರಿಗಿದ್ದ ಆಕ್ಸೆಲ್ಸನ್ ಆಗಲೇ ಟೋಕಿಯೊ ಒಲಿಂಪಿಕ್ಸ್‌ನ ಚಿನ್ನ ಗೆದ್ದವರು, ಪ್ಯಾರಿಸ್‌ನಲ್ಲೂ ಗೆದ್ದವರು ಎಂಬುದನ್ನೂ ಮರೆಯಬಾರದು. ಸೋಲಿನ ಲೆಕ್ಕದಲ್ಲಿ ಎದುರಾಳಿಯ ಹೆಸರನ್ನೇ ಬರೆಯದೆ ಬಿಡುವುದು ನಮ್ಮ ದೊಡ್ಡ ದೋಷ.

3. ನಮ್ಮ ಅಂಗಳ

ಈಗ ನಮ್ಮ ಊರಿಗೆ ಬರೋಣ. ಆಗಸ್ಟ್ ಬಂತೆಂದರೆ ವಲಯ ಮಟ್ಟದ ಕ್ರೀಡಾಕೂಟ. ಅಲ್ಲಿ ಗೆದ್ದವರು ತಾಲ್ಲೂಕಿಗೆ, ತಾಲ್ಲೂಕು ಗೆದ್ದವರು ರಾಯಚೂರಿಗೆ, ಅಲ್ಲಿಂದ ಕಲಬುರಗಿ ವಿಭಾಗಕ್ಕೆ, ಆಮೇಲೆ ರಾಜ್ಯಕ್ಕೆ. ಮಳೆಗಾಲದ ನಟ್ಟನಡುವೆ ಇದೆಲ್ಲ. ನಮ್ಮದು ಎರೆಭೂಮಿ. ಒಂದು ಹದ ಮಳೆ ಬಿದ್ದರೆ ಮೈದಾನ ಕಾಲಿಗೆ ಅಂಟುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಸುಣ್ಣದ ಗೆರೆ ಎಳೆದು ಅರ್ಧ ತಾಸಿನಲ್ಲಿ ಅಳಿಸಿಹೋಗಿರುತ್ತದೆ.

ಇಂಥ ಅಂಗಳದಲ್ಲಿ ನಾನು ನೋಡಿದ ಒಂದು ಹುಡುಗರ ಕಬಡ್ಡಿ ಪಂದ್ಯವನ್ನು ನಿಮ್ಮ ಮುಂದಿಡುತ್ತೇನೆ. ಬಲಗಡೆ ಮೂಲೆಯಲ್ಲಿ ಒಬ್ಬ ಹುಡುಗ ಗಟ್ಟಿಮುಟ್ಟಾಗಿದ್ದ, ಕೈ ಚುರುಕು. ಎದುರಿನ ರೈಡರ್ ಒಳಗೆ ಬಂದು ಮುಂಗಾಲು ಚಾಚುತ್ತಿದ್ದಂತೆ ಇವನು ಆ ಹಿಮ್ಮಡಕ್ಕೆ ಬೀಳುತ್ತಿದ್ದ. ರೈಡರ್ ಕಾಲು ಎಳೆದುಕೊಂಡು ಗೆರೆ ದಾಟುತ್ತಿದ್ದ. ಮೊದಲ ಸಲ, ಎರಡನೆಯ ಸಲ, ಮೂರನೆಯ ಸಲ. ಪ್ರತಿ ಸಲವೂ ಹೊರಗಿನಿಂದ ಮಾಸ್ತರರ ಕೂಗು: ‘ಎಷ್ಟು ಸಲ ಹೇಳೀನಿ ನಿನಗ, ದುಡುಕಬ್ಯಾಡ ಅಂತ!’ ಹುಡುಗ ತಲೆ ತಗ್ಗಿಸಿ ಹೊರಗೆ ಹೋಗುತ್ತಿದ್ದ; ಜೀವ ಬಂದ ಮೇಲೆ ಒಳಗೆ ಬಂದು ಅದನ್ನೇ ಮಾಡುತ್ತಿದ್ದ.

ಕಬಡ್ಡಿ ಬಲ್ಲವರು ಹೇಳುತ್ತಾರೆ, ಮೂಲೆಯವನ ದೊಡ್ಡ ಕೆಲಸ ಹಿಡಿಯುವುದಲ್ಲ, ಕಾಯುವುದು. ರೈಡರ್ ಕಾಲು ಚಾಚಿದಾಗ ಅದರ ಮೇಲೆ ಅವನ ಭಾರ ಇರುವುದಿಲ್ಲ, ಅದು ಆಮಿಷ. ಅವನು ಇನ್ನೊಂದು ಬದಿಗೆ ಕೈ ಚಾಚಿದಾಗ ಅಥವಾ ಹಿಂದಕ್ಕೆ ತಿರುಗಿದಾಗ ಭಾರ ಒಂದು ಕಾಲಿನ ಮೇಲೆ ಬೀಳುತ್ತದೆ. ಆಗ ಹಿಡಿಯಬೇಕು. ಹಿಡಿದ ಕ್ಷಣದಲ್ಲೇ ಪಕ್ಕದ ಕವರ್ ಆಟಗಾರ ಅಡ್ಡ ಬಂದು ರೈಡರ್‌ನನ್ನು ಗೆರೆಯಿಂದ ದೂರ ತಳ್ಳಬೇಕು. ಆ ಪಂದ್ಯದಲ್ಲಿ ಕವರ್ ಹುಡುಗ ಒಂದು ಸಲವೂ ಜೊತೆಗೂಡಲಿಲ್ಲ. ಯಾಕೆಂದರೆ ಮೂಲೆಯವನು ಯಾವಾಗ ಬೀಳುತ್ತಾನೆಂದು ಅವನಿಗೆ ಸೂಚನೆಯೇ ಇರಲಿಲ್ಲ. ಇಬ್ಬರೂ ಕೈ ಹಿಡಿದಿದ್ದರು, ಆದರೆ ಆ ಕೈಗಳ ನಡುವೆ ಒಂದು ಒಪ್ಪಂದ ಇರಲಿಲ್ಲ.

ಈಗ ಹೇಳಿ, ತಪ್ಪು ಯಾರದು? ಮೊದಲ ಸಲ ದುಡುಕಿದ್ದು ಹುಡುಗನದು ಎನ್ನೋಣ. ಮೂರನೆಯ ಸಲದ್ದು? ದುಡುಕಬೇಡ ಎಂದು ಹೇಳಿದ್ದು ನಿಜ. ಆದರೆ ಕಾಯುವುದನ್ನು ಅಭ್ಯಾಸ ಮಾಡಿಸಿದ್ದರೇ? ಸಂಜೆಯ ಅಭ್ಯಾಸದಲ್ಲಿ ಬಹಳ ಕಡೆ ನಡೆಯುವುದು ಹೀಗೆ: ಒಬ್ಬ ನಿಧಾನವಾಗಿ ನಡೆದು ಬಂದು ಕಾಲು ಕೊಡುತ್ತಾನೆ, ಇನ್ನೊಬ್ಬ ಹಿಡಿಯುತ್ತಾನೆ, ಮುಂದಿನವನು ಬರುತ್ತಾನೆ. ಅಲ್ಲಿ ಪ್ರತಿ ಸಲವೂ ಕಾಲು ಸಿಗುತ್ತದೆ. ಕಾಲು ಕಂಡರೆ ಬೀಳು ಎಂಬ ಪಾಠವನ್ನು ಹುಡುಗ ನೂರಾರು ಸಲ ಕಲಿತಿದ್ದಾನೆ. ಪಂದ್ಯದಲ್ಲಿ ಅವನು ಮಾಡಿದ್ದು ತಾನು ಕಲಿತದ್ದನ್ನೇ. ಬಾಯಲ್ಲಿ ಹೇಳಿದ್ದು ಒಂದು, ಮೈಗೆ ಕಲಿಸಿದ್ದು ಇನ್ನೊಂದು. ಪಂದ್ಯದ ಗದ್ದಲದಲ್ಲಿ ಗೆಲ್ಲುವುದು ಯಾವಾಗಲೂ ಮೈ ಕಲಿತದ್ದೇ.

4. ಹೇಳುವುದರಿಂದ ರೂಢಿಯವರೆಗೆ

ಇದು ನನ್ನೊಬ್ಬನ ಅನಿಸಿಕೆ ಅಲ್ಲ. 1967ರಲ್ಲಿ ಪಾಲ್ ಫಿಟ್ಸ್ ಮತ್ತು ಮೈಕೆಲ್ ಪೋಸ್ನರ್ ಎಂಬ ಮನಶ್ಶಾಸ್ತ್ರಜ್ಞರು ಕೌಶಲ ಕಲಿಕೆಯನ್ನು ಮೂರು ಹಂತಗಳಾಗಿ ವಿಂಗಡಿಸಿದರು. ಮೊದಲ ಹಂತದಲ್ಲಿ ಕಲಿಯುವವನು ಪ್ರತಿಯೊಂದನ್ನೂ ಯೋಚಿಸಿ ಮಾಡುತ್ತಾನೆ. ಎರಡನೆಯದರಲ್ಲಿ ತಪ್ಪುಗಳು ಕಡಿಮೆಯಾಗುತ್ತ ಚಲನೆಗಳು ಒಂದಕ್ಕೊಂದು ಜೋಡಿಕೊಳ್ಳುತ್ತವೆ. ಮೂರನೆಯದರಲ್ಲಿ ಯೋಚನೆ ಬೇಕಿಲ್ಲದೆ ಕೈಕಾಲು ತಾವಾಗಿ ನಡೆಯುತ್ತವೆ. ನಮ್ಮ ಶಾಲಾ ತಂಡಗಳ ಬಹುಪಾಲು ಮಕ್ಕಳು ಮೊದಲ ಹಂತದಲ್ಲೋ ಎರಡನೆಯದರ ಹೊಸ್ತಿಲಲ್ಲೋ ಇರುತ್ತಾರೆ. ಅವರಿಂದ ಮೂರನೆಯ ಹಂತದ ಆಟವನ್ನು ಬಯಸಿ, ಅದು ಬರದಿದ್ದಾಗ ಮನಸ್ಸಿಟ್ಟು ಆಡಲಿಲ್ಲ ಎಂದು ಬೈಯುವುದು ನ್ಯಾಯವಲ್ಲ. ಅವರು ಮನಸ್ಸಿಟ್ಟೇ ಆಡುತ್ತಿದ್ದಾರೆ. ಅತಿಯಾಗಿ ಮನಸ್ಸಿಟ್ಟಿರುವುದರಿಂದಲೇ ಕೈಕಾಲು ತಡವರಿಸುತ್ತಿವೆ.

ಇನ್ನೊಂದು ಸಂಶೋಧನೆ ನಮ್ಮ ಶಿಕ್ಷಕರಿಗೆ ನೇರವಾಗಿ ಉಪಯೋಗಕ್ಕೆ ಬರುವಂಥದ್ದು. 1979ರಲ್ಲಿ ಜಾನ್ ಶೀ ಮತ್ತು ರಾಬಿನ್ ಮಾರ್ಗನ್ ಕೈಚಲನೆಯ ಕೆಲವು ಕೆಲಸಗಳನ್ನು ಎರಡು ಗುಂಪುಗಳಿಗೆ ಕಲಿಸಿದರು. ಒಂದು ಗುಂಪು ಒಂದೇ ಕೆಲಸವನ್ನು ಮತ್ತೆಮತ್ತೆ ಮಾಡಿ, ಮುಗಿಸಿ, ಮುಂದಿನದಕ್ಕೆ ಹೋಗುತ್ತಿತ್ತು. ಇನ್ನೊಂದು ಗುಂಪು ಎಲ್ಲವನ್ನೂ ಕಲಸಿ ಮಾಡುತ್ತಿತ್ತು. ಮುಂದೆ ಯಾವುದು ಬರುತ್ತದೆಂದು ಗೊತ್ತಿರುತ್ತಿರಲಿಲ್ಲ. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪೇ ಚೆನ್ನಾಗಿ ಮಾಡಿತು. ಸ್ವಲ್ಪ ದಿನ ಬಿಟ್ಟು ಪರೀಕ್ಷಿಸಿದಾಗ ಉಳಿಸಿಕೊಂಡದ್ದು ಎರಡನೆಯ ಗುಂಪು. ಇದರ ಅರ್ಥವೇನು? ಅಭ್ಯಾಸದಲ್ಲಿ ಅಚ್ಚುಕಟ್ಟಾಗಿ ಕಾಣುವ ಆಟ ನಮ್ಮನ್ನು ಮೋಸಗೊಳಿಸಬಹುದು. ನಿನ್ನೆ ಸಂಜೆ ಚೆನ್ನಾಗಿ ಮಾಡುತ್ತಿದ್ದರು, ಇವತ್ತು ಏನಾಯಿತು ಎಂದು ಮಾಸ್ತರರು ಬೆರಗಾಗುವುದು ಇದಕ್ಕೇ. ನಿನ್ನೆ ಸಂಜೆ ಮಕ್ಕಳಿಗೆ ಮುಂದೇನು ಬರುತ್ತದೆಂದು ಗೊತ್ತಿತ್ತು. ಪಂದ್ಯದಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಹಾಗಾದರೆ ಒಳ್ಳೆಯ ತರಬೇತುದಾರ ಅಭ್ಯಾಸದಲ್ಲಿ ಏನು ಮಾತಾಡುತ್ತಾನೆ? ಅಮೆರಿಕದ ಬ್ಯಾಸ್ಕೆಟ್‌ಬಾಲ್ ತರಬೇತುದಾರ ಜಾನ್ ವುಡನ್ ತಮ್ಮ ಹತ್ತನೆಯ ಹಾಗೂ ಕೊನೆಯ ರಾಷ್ಟ್ರಪ್ರಶಸ್ತಿ ಗೆದ್ದ 1974-75ರ ಋತುವಿನಲ್ಲಿ, ರೊನಾಲ್ಡ್ ಗ್ಯಾಲಿಮೋರ್ ಮತ್ತು ರೋಲಂಡ್ ಥಾರ್ಪ್ ಎಂಬಿಬ್ಬರು ಅವರ ಅಭ್ಯಾಸಕ್ಕೆ ಹೋಗಿ ಕುಳಿತು, ಅವರ ಮಾತುಗಳನ್ನು ಒಂದೊಂದಾಗಿ ವಿಂಗಡಿಸಿದರು. ಸುಮಾರು ಮುಕ್ಕಾಲು ಪಾಲು ಮಾತು ಹೇಗೆ ಮಾಡಬೇಕು ಎಂಬ ಪಾಠವನ್ನು ಒಳಗೊಂಡಿತ್ತು. ಬರೀ ಹೊಗಳಿಕೆ ನೂರಕ್ಕೆ ಏಳರಷ್ಟು. ಬರೀ ಬೈಗುಳವೂ ಹೆಚ್ಚುಕಡಿಮೆ ಅಷ್ಟೇ. ಋತುವಿನ ಮೊದಲ ದಿನ ವುಡನ್ ಕಲಿಸುತ್ತಿದ್ದದ್ದು ಕಾಲುಚೀಲ ಹಾಕಿಕೊಳ್ಳುವುದನ್ನು. ಚೀಲ ಸುಕ್ಕಾದರೆ ಬೊಬ್ಬೆ ಏಳುತ್ತದೆ, ಬೊಬ್ಬೆ ಎದ್ದರೆ ಆಟ ಕೆಡುತ್ತದೆ. ಆಟಗಾರನ ಕಾಲಿನ ಬೊಬ್ಬೆಯೂ ತನ್ನ ಹೊಣೆ ಎಂದುಕೊಂಡ ಗುರು ಅವರು.

ನಮ್ಮ ಮಕ್ಕಳ ಪಾದಗಳನ್ನು ನೋಡಿ. ವಲಯ ಮಟ್ಟದಲ್ಲಿ ಬರಿಗಾಲಲ್ಲಿ ಮಣ್ಣಿನ ಮೇಲೆ ಆಡಿ ಗೆದ್ದವರು, ಮೇಲಿನ ಹಂತಕ್ಕೆ ಹೋದಾಗ ಮ್ಯಾಟ್ ಮೇಲೆ ಆಡಬೇಕಾಗುತ್ತದೆ. ಎಷ್ಟೋ ಮಕ್ಕಳು ಮ್ಯಾಟ್ ಮೇಲೆ ಕಾಲಿಡುವುದು ಅಂದೇ ಮೊದಲು, ಶೂ ಹಾಕಿ ಕಬಡ್ಡಿ ಆಡುವುದೂ ಅಂದೇ ಮೊದಲು. ಎರೆಮಣ್ಣಿನಲ್ಲಿ ಜಾರಿ ನಿಲ್ಲುವ ಕಾಲು ಮ್ಯಾಟ್ ಮೇಲೆ ತಟ್ಟನೆ ಹಿಡಿದು ನಿಲ್ಲುತ್ತದೆ, ಮಂಡಿ ತಿರುಚುತ್ತದೆ. ಹುಡುಗಿ ಬಿದ್ದಳು, ತಂಡ ಸೋತಿತು. ಆ ಬೀಳುವಿಕೆಯನ್ನು ಅವಳ ಹೆಸರಿಗೆ ಬರೆಯುವುದು ಹೇಗೆ?

5. ಹೊಣೆ ಹಂಚುವ ಕ್ರಮ

ಟೀಕೆ ಸಾಕು, ದಾರಿ ಹೇಳಿ ಎಂದು ಶಿಕ್ಷಕರು ಕೇಳುತ್ತಾರೆ. ಕೇಳಬೇಕಾದ್ದೇ. ಒಂದು ತಪ್ಪು ನಡೆದಾಗ ನಾಲ್ಕು ಪ್ರಶ್ನೆಗಳನ್ನು ಈ ಕ್ರಮದಲ್ಲೇ ಕೇಳಿ ಎಂಬುದು ನನ್ನ ಸಲಹೆ.

ಮೊದಲನೆಯದು, ಏನು ಮಾಡಬೇಕೆಂದು ಮಗುವಿಗೆ ಗೊತ್ತಿತ್ತೇ? ಕೇಳಿ ನೋಡಿ, ಅದರ ಬಾಯಲ್ಲೇ ಹೇಳಿಸಿ. ಗೊತ್ತಿಲ್ಲದಿದ್ದರೆ ಹೊಣೆ ಪೂರ್ತಿ ನಮ್ಮದು.

ಎರಡನೆಯದು, ಗೊತ್ತಿದ್ದದ್ದನ್ನು ಅಭ್ಯಾಸದಲ್ಲಿ ಮಾಡಲು ಬರುತ್ತಿತ್ತೇ? ಬರುತ್ತಿರಲಿಲ್ಲವಾದರೆ, ಬಾರದ್ದನ್ನು ಪಂದ್ಯದಲ್ಲಿ ಮಾಡು ಎಂದು ಕಳಿಸಿದವರು ನಾವು.

ಮೂರನೆಯದು, ಪಂದ್ಯದಂಥ ಒತ್ತಡದಲ್ಲಿ, ದಣಿದ ಮೈಯಲ್ಲಿ, ಎರಡು ಅಂಕ ಹಿಂದಿರುವಾಗ, ಸುತ್ತ ಜನ ಕೂಗುತ್ತಿರುವಾಗ ಅದನ್ನು ಮಾಡಿ ರೂಢಿಯಿತ್ತೇ? ನಮ್ಮ ಬಹುಪಾಲು ಸೋಲುಗಳ ಬೇರು ಇಲ್ಲಿರುತ್ತದೆ. ಇದೂ ನಮ್ಮದೇ.

ನಾಲ್ಕನೆಯದು, ಆ ಜಾಗಕ್ಕೆ ಆ ಮಗು ಸರಿಯಾದ ಆಯ್ಕೆಯೇ? ಮೂಲೆಗೆ ಕಾಯುವ ಸ್ವಭಾವದವನು ಬೇಕು. ದುಡುಕುವವನು ಒಳ್ಳೆಯ ರೈಡರ್ ಆಗಬಹುದು. ನಿಲ್ಲಿಸಿದ ಜಾಗ ತಪ್ಪಾಗಿದ್ದರೆ, ನಿಂತವನ ಮೇಲೆ ದೂರು ಹೊರಿಸಲಾಗದು.

ನಾಲ್ಕಕ್ಕೂ ಉತ್ತರ ಹೌದು ಎಂದು ಬಂದರೆ, ಆಗ ತಪ್ಪು ಆಟಗಾರನದು, ಇಲ್ಲವೇ ಗೆಲುವು ಎದುರಾಳಿಯದು. ಅಭ್ಯಾಸಕ್ಕೆ ತಪ್ಪಿಸಿದ್ದು, ಹೇಳಿದ ಜಾಗ ಬಿಟ್ಟು ತನ್ನ ಹೆಸರಿಗಾಗಿ ಆಡಿದ್ದು, ರೆಫರಿ ಜೊತೆ ಜಗಳಕ್ಕಿಳಿದದ್ದು, ಇವೆಲ್ಲ ಆಟಗಾರನ ಹೊಣೆ. ಅದನ್ನು ಅವನಿಗೆ ನೇರವಾಗಿ ಹೇಳಲೇಬೇಕು. ಎಲ್ಲವನ್ನೂ ಗುರುವೇ ಹೊತ್ತುಕೊಂಡರೆ ಮಗು ಬೆಳೆಯುವುದಿಲ್ಲ. ಹನ್ನೆರಡು ವರ್ಷದ ಮಗುವಿನ ಆಟದಲ್ಲಿ ಗುರುವಿನ ಪಾಲು ಬಹುತೇಕ ಪೂರ್ತಿ. ಹದಿನೇಳರ ಹೊತ್ತಿಗೆ ಅರ್ಧಕ್ಕೆ ಇಳಿಯಬೇಕು. ಇಪ್ಪತ್ತು ದಾಟಿದ ಆಟಗಾರನ ಕೈಯಲ್ಲಿ ಹೆಚ್ಚಿನ ಪಾಲು ಇರಬೇಕು. ಹೊಣೆಯನ್ನು ಹೀಗೆ ಸ್ವಲ್ಪಸ್ವಲ್ಪವಾಗಿ ದಾಟಿಸುವುದೇ ತರಬೇತಿಯ ಅತ್ಯಂತ ಕಷ್ಟದ ಭಾಗ. ಪ್ರಕಾಶ್ ಮತ್ತು ಅಶ್ವಿನಿ ಇಬ್ಬರ ಮಾತೂ ಒಂದಾಗುವ ಜಾಗ ಇದು. ಆಟಗಾರ ಹೊಣೆ ಹೊರಬೇಕು ಎನ್ನುವುದು ಸರಿ. ಹೊರಲು ಅವನನ್ನು ಅಣಿಗೊಳಿಸಿದೆವೇ ಎಂಬ ಪ್ರಶ್ನೆಯೂ ಅಷ್ಟೇ ಸರಿ.

ಕೀರ್ತಿ ಹಂಚುವ ರೀತಿಯಲ್ಲೂ ಇದೇ ನ್ಯಾಯ ಇರಬೇಕು. 2018ರಲ್ಲಿ ಭಾರತದ 19 ವರ್ಷದೊಳಗಿನವರ ತಂಡ ಕ್ರಿಕೆಟ್ ವಿಶ್ವಕಪ್ ಗೆದ್ದಾಗ ಕ್ರಿಕೆಟ್ ಮಂಡಳಿಯು ತರಬೇತುದಾರ ರಾಹುಲ್ ದ್ರಾವಿಡ್ ಅವರಿಗೆ 50 ಲಕ್ಷ, ಉಳಿದ ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ರೂಪಾಯಿ ಘೋಷಿಸಿತು. ಈ ಅಂತರವನ್ನು ದ್ರಾವಿಡ್ ಒಪ್ಪಲಿಲ್ಲ. ಕೊನೆಗೆ ಎಲ್ಲರಿಗೂ ಸಮನಾಗಿ 25 ಲಕ್ಷ ಬಂತು. ಅವರ ಪಾಲು ಅರ್ಧಕ್ಕೆ ಇಳಿಯಿತು. ಗೆಲುವಿನಲ್ಲಿ ತನ್ನ ಪಾಲು ಕಡಿಮೆ ಮಾಡಿಕೊಳ್ಳಬಲ್ಲ ಗುರುವಿನ ಮಾತು ಸೋಲಿನಲ್ಲಿ ಶಿಷ್ಯರಿಗೆ ಹಿಡಿಸುತ್ತದೆ.

6. ಗುರುವಿನ ಮೇಲೆ ಯಾರು?

ಇಷ್ಟು ಹೇಳಿ ನಿಲ್ಲಿಸಿದರೆ ನಾನು ದೈಹಿಕ ಶಿಕ್ಷಣ ಶಿಕ್ಷಕರಿಗೆ ಅನ್ಯಾಯ ಮಾಡಿದಂತೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ಗದ್ದೆ ಒಣಗಿದರೆ ನಮ್ಮ ರೈತರು ಭತ್ತದ ಪೈರನ್ನು ಬೈಯುವುದಿಲ್ಲ. ಕಾಲುವೆಯ ದಂಡೆ ಹಿಡಿದು ಮೇಲಕ್ಕೆ ಹೋಗುತ್ತಾರೆ, ಗೇಟು ಗೇಟು ನೋಡುತ್ತಾರೆ, ನೀರು ಎಲ್ಲಿ ನಿಂತಿದೆ ಎಂದು ಹುಡುಕುತ್ತಾರೆ. ಸೋಲಿನ ಕಾರಣವನ್ನೂ ಹಾಗೆಯೇ ಹುಡುಕಬೇಕು. ಮಗುವಿನಲ್ಲಿ ನಿಲ್ಲದೆ ಮಾಸ್ತರರಿಗೆ ಬಂದೆವು, ಮಾಸ್ತರರಲ್ಲೂ ನಿಲ್ಲಬಾರದು.

ಎಷ್ಟೋ ಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕರ ಹುದ್ದೆಯೇ ಖಾಲಿ. ಗಣಿತದ ಮೇಷ್ಟ್ರೋ ಕನ್ನಡದ ಮೇಡಂನೋರೋ ತಂಡ ಕಟ್ಟಿಕೊಂಡು ಬರುತ್ತಾರೆ. ಹುದ್ದೆ ಇರುವ ಕಡೆ ಪ್ರಾರ್ಥನೆ, ಶಿಸ್ತು, ಬಿಸಿಯೂಟದ ಸಾಲು, ದಾಖಲೆ ಕೆಲಸ ಎಲ್ಲವೂ ಅವರ ತಲೆಗೇ. ಆಟದ ಪೀರಿಯಡ್ ಪರೀಕ್ಷೆ ಹತ್ತಿರ ಬಂದರೆ ಬೇರೆ ವಿಷಯಕ್ಕೆ ಹೋಗುತ್ತದೆ. ಹತ್ತು ದಿನ ಮುಂಚೆ ತಂಡ ಆರಿಸಿ ವಲಯಕ್ಕೆ ಕರೆದುಕೊಂಡು ಹೋಗಿ ಎಂದರೆ, ಯಾವ ರೂಢಿ ಮೈಗೆ ಹತ್ತೀತು? ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ನಮಗೆ ಸಿಕ್ಕಿತು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ನಮ್ಮದೇ ಇದೆ. ಕಟ್ಟಡಕ್ಕೆ ಕೇಳುವಷ್ಟೇ ಗಟ್ಟಿಯಾಗಿ ಒಬ್ಬ ಶಿಕ್ಷಕರನ್ನು, ತಾಲ್ಲೂಕಿಗೊಂದು ಮ್ಯಾಟನ್ನು ಕೇಳುವ ದನಿ ನಮ್ಮಲ್ಲಿ ಏಳಬೇಕು.

ಕೆಲಸ ಕೆಡುವುದು ಯಾಕೆ, ಅದಕ್ಕೆ ಮೇಲಿನವನ ಹೊಣೆ ಏನು ಎಂಬ ಯೋಚನೆ ನಮ್ಮ ನೆಲಕ್ಕೆ ಹೊಸದಲ್ಲ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಮಸ್ಕಿಯ ಶಾಸನ, ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಜಗತ್ತಿಗೆ ತೋರಿಸಿದ ಶಾಸನ ಎಂದು ನಮಗೆಲ್ಲ ಗೊತ್ತು. ಅದರ ಒಳಗಿನ ಮಾತನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ತಾನು ಉತ್ಸಾಹದಿಂದ ಪ್ರಯತ್ನಿಸಿದ್ದನ್ನು ಅರಸ ಅಲ್ಲಿ ಹೇಳಿಕೊಳ್ಳುತ್ತಾನೆ. ಈ ಗುರಿಯನ್ನು ದೊಡ್ಡವರಷ್ಟೇ ಮುಟ್ಟುತ್ತಾರೆ ಎಂದು ತಿಳಿಯಬೇಡಿ, ಸಣ್ಣವನೂ ಮುಟ್ಟಬಲ್ಲ, ಇಬ್ಬರಿಗೂ ಇದನ್ನು ತಿಳಿಸಿ ಎನ್ನುತ್ತಾನೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಅಶೋಕನ ಪ್ರತ್ಯೇಕ ಶಾಸನಗಳೂ ಸಿಕ್ಕಿವೆ. ಅವುಗಳಲ್ಲೊಂದರಲ್ಲಿ ಅಧಿಕಾರಿಗಳು ಕೆಲಸದಲ್ಲಿ ಸೋಲುವುದಕ್ಕೆ ಕಾರಣಗಳ ಪಟ್ಟಿಯೇ ಇದೆ: ಅಸೂಯೆ, ಸಿಟ್ಟು, ಕ್ರೌರ್ಯ, ಆತುರ, ಅಭ್ಯಾಸದ ಕೊರತೆ, ಸೋಮಾರಿತನ, ದಣಿವು. ಪಟ್ಟಿ ಕೊಟ್ಟು ಅರಸ ಸುಮ್ಮನಾಗಲಿಲ್ಲ. ತಿಷ್ಯ ನಕ್ಷತ್ರದ ದಿನಗಳಲ್ಲಿ ಇದನ್ನು ಓದಿ ಕೇಳಿಸಬೇಕು, ನಡುವೆಯೂ ಕೇಳಿಸಬಹುದು, ಕೇಳುವವನು ಒಬ್ಬನೇ ಇದ್ದರೂ ಕೇಳಿಸಬೇಕು ಎಂದ. ಐದು ವರ್ಷಕ್ಕೊಮ್ಮೆ ಬಂದು ನೋಡುವವರನ್ನು ಕಳಿಸುವೆನೆಂದ. ಹೇಳಿದ್ದು ಒಂದೇ ಸಲಕ್ಕೆ ನೆಲೆಯೂರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಮತ್ತೆ ಹೇಳಿಸುವ ಏರ್ಪಾಡನ್ನೂ ನೋಡಿಕೊಳ್ಳುವ ಏರ್ಪಾಡನ್ನೂ ಆಜ್ಞೆಯ ಭಾಗವಾಗಿಯೇ ಮಾಡಿದ. ತರಬೇತುದಾರರಿಗೆ ಇದಕ್ಕಿಂತ ಹಳೆಯ ಪಾಠ ನಮ್ಮ ನೆಲದಲ್ಲಿ ಇನ್ನೊಂದು ಇರಲಾರದು.

7. ನನ್ನ ಬಿನ್ನಹ

ಕೊನೆಯದಾಗಿ ಮೂವರಿಗೆ ಮೂರು ಮಾತು.

ಶಿಕ್ಷಕರೇ, ಸೋತ ದಿನ ಮಕ್ಕಳನ್ನು ಸುತ್ತ ಕೂಡಿಸಿಕೊಂಡಾಗ ಮೊದಲು ನಿಮ್ಮ ಪಾಲನ್ನು ಹೇಳಿ. ‘ಕಾಯೋದನ್ನ ನಾನು ನಿಮಗೆ ಸಾಕಷ್ಟು ಮಾಡಿಸಿಲ್ಲ, ನಾಳೆಯಿಂದ ಅದನ್ನ ಮಾಡೋಣು’ ಎಂದು ನೋಡಿ. ನಿಮ್ಮ ಗೌರವ ಒಂದು ಕೂದಲಷ್ಟೂ ಕಡಿಮೆಯಾಗುವುದಿಲ್ಲ. ಮಕ್ಕಳು ತಮ್ಮ ತಪ್ಪನ್ನು ತಾವಾಗಿ ಹೇಳಲು ಶುರು ಮಾಡುತ್ತಾರೆ. ಅಭ್ಯಾಸದ ಕೊನೆಯ ಹತ್ತು ನಿಮಿಷ, ಮಕ್ಕಳು ದಣಿದಿರುವಾಗ, ಎರಡು ಅಂಕ ಹಿಂದೆ ಇದ್ದೀರಿ ಎಂದು ಆಡಿಸಿ. ಪಂದ್ಯದ ತಪ್ಪುಗಳು ಅಲ್ಲೇ ಕಾಣಿಸಿಕೊಳ್ಳಲಿ.

ತಂದೆ ತಾಯಂದಿರೇ, ಅಂಗಳದ ಹೊರಗಿನಿಂದ ನಿಮ್ಮ ಮಗುವಿನ ಹೆಸರು ಹಿಡಿದು ಬೈಯಬೇಡಿ. ಗೆದ್ದಾಗ ಅಪ್ಪಿಕೊಳ್ಳುವ ಕೈ ಸೋತಾಗಲೂ ಭುಜದ ಮೇಲೆ ಇರಲಿ. ಪ್ಯಾರಿಸ್‌ನಲ್ಲಿ ಅಷ್ಟು ಮಾತು ಕೇಳಿಸಿಕೊಂಡ ಲಕ್ಷ್ಯ ಸೇನ್ ಅದೇ ವರ್ಷ ಡಿಸೆಂಬರ್ 1ರಂದು ಲಖನೌದಲ್ಲಿ ಸೈಯದ್ ಮೋದಿ ಪ್ರಶಸ್ತಿ ಗೆದ್ದ. ಒಂದು ಸೋಲಿನಲ್ಲಿ ಯಾರ ಆಟವೂ ಮುಗಿಯುವುದಿಲ್ಲ, ಸುತ್ತಲಿನವರು ಮುಗಿಸದಿದ್ದರೆ.

ದತ್ತಿ ದಾನಿಗಳೇ, ನಿಮ್ಮಲ್ಲಿ ನನ್ನದೊಂದು ಕೋರಿಕೆ. ಪಟಿಯಾಲದಲ್ಲಿ 1961ರಲ್ಲಿ ಆರಂಭವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ತರಬೇತುದಾರರನ್ನು ತಯಾರಿಸುತ್ತದೆ. ಆರು ವಾರಗಳ ಸರ್ಟಿಫಿಕೇಟ್ ಕೋರ್ಸನ್ನೂ ನಡೆಸುತ್ತದೆ. ಈ ದತ್ತಿಯ ಬಡ್ಡಿಯಲ್ಲಿ ಮೂರು ತಾಲ್ಲೂಕುಗಳಿಂದ ಸರದಿಯ ಮೇಲೆ ವರ್ಷಕ್ಕೆ ಒಬ್ಬ ಶಿಕ್ಷಕರನ್ನು ಅಂಥ ಕೋರ್ಸಿಗೆ ಕಳಿಸಿ. ಮೊದಲ ವರ್ಷ ಸಿಂಧನೂರು, ಎರಡನೆಯ ವರ್ಷ ಲಿಂಗಸುಗೂರು, ಮೂರನೆಯ ವರ್ಷ ಮಸ್ಕಿ. ಹೋಗಿ ಬಂದವರು ಉಳಿದವರಿಗೆ ಇದೇ ಸಭಾಂಗಣದಲ್ಲಿ ಎರಡು ದಿನ ಕಲಿಸಲಿ. ಗೆದ್ದ ಮಕ್ಕಳಿಗೆ ಶಾಲು ಹೊದಿಸುವುದು ಒಳ್ಳೆಯ ಕೆಲಸ. ಅವರನ್ನು ತಯಾರು ಮಾಡುವ ಕೈಗಳಿಗೆ ಕಲಿಕೆ ಕೊಡುವುದು ಅದಕ್ಕಿಂತ ಹೆಚ್ಚು ಕಾಲ ಉಳಿಯುವ ಕೆಲಸ. ಮಕ್ಕಳಿಂದ ನಾವು ಒಳ್ಳೆಯ ಆಟ ಕೇಳುವ ಮೊದಲು ಅವರಿಗೆ ಒಳ್ಳೆಯ ಸಿದ್ಧತೆ ಕೊಟ್ಟಿರಬೇಕು. ಅದು ನಮ್ಮ ಮೇಲಿರುವ ಸಾಲ.